ಕೋಟೆಯ ಕತ್ತಲೆಗೆ ಎಷ್ಟು ಬೆಳಕು ಸಾಕು?

ಕಲಬುರಗಿಯ ಕೋಟೆಯೊಳಗಿರುವ ಜಾಮಿ ಮಸೀದಿಯನ್ನು ಛಾಯಾಚಿತ್ರದಲ್ಲಿ ಹಿಡಿಯಲು ಹೊರಟವರಿಗೆಲ್ಲ ಒಂದೇ ತೊಡಕು ಎದುರಾಗುತ್ತದೆ. ಅದರ ಒಳಭಾಗವನ್ನು ಕಣ್ಣು ಕಂಡಂತೆ ಕ್ಯಾಮರಾ ಕಾಣುವುದಿಲ್ಲ. ಕಮಾನುಗಳ ಸಾಲಿನ ಎದುರು ನಿಂತು ಒಂದು ಚಿತ್ರ ತೆಗೆದು ನೋಡಿರಿ. ಹೊರಗಿನ ಬಿಸಿಲು ಸರಿಯಾಗಿ ಬಂದರೆ ಒಳಗಿನ ಕಂಬಗಳೆಲ್ಲ ಮಸಿ ಬಳಿದಂತೆ ಕಪ್ಪಾಗುತ್ತವೆ. ಕಂಬಗಳು ಕಾಣಲೆಂದು ಬೆಳಕನ್ನು ಹೆಚ್ಚಿಸಿದರೆ ಹೊರಗಿನ ಹುಲ್ಲು, ಮರ, ಆಕಾಶ ಎಲ್ಲವೂ ಸುಣ್ಣದ ತಿಳಿಯಲ್ಲಿ ಅದ್ದಿದಂತೆ ಬೆಳ್ಳಗಾಗುತ್ತವೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಆದರೆ ಅಲ್ಲಿಯೇ ನಿಂತ ನಮ್ಮ ಕಣ್ಣಿಗೆ ಎರಡೂ ಕಾಣುತ್ತಿರುತ್ತವೆ!

ಈ ತೊಡಕಿಗೆ ಪರಿಹಾರವೆಂದು ಡಿಜಿಟಲ್ ಛಾಯಾಗ್ರಹಣದಲ್ಲಿ ಬಳಕೆಗೆ ಬಂದಿರುವ ವಿಧಾನದ ಹೆಸರು ಹೈ ಡೈನಮಿಕ್ ರೇಂಜ್, ಚಿಕ್ಕದಾಗಿ ಎಚ್‌ಡಿಆರ್. ನಿವೃತ್ತಿಯ ಬಳಿಕ ದೊರೆತ ಬಿಡುವಿನಲ್ಲಿ ಕೋಟೆಯನ್ನೂ ಕಮಲಾಪುರದ ತೋಟಗಳನ್ನೂ ಇಟ್ಟುಕೊಂಡು ಇದರ ಮೇಲೆ ಕೆಲವು ಪ್ರಯೋಗಗಳನ್ನು ಮಾಡಿದ್ದೇನೆ. ಅದನ್ನು ಹಳೆಯ ವಿದ್ಯಾರ್ಥಿಗಳೂ ನೆಂಟರೂ ಆಗಾಗ ಕೇಳುತ್ತಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಮಸೀದಿಯ ವಿಷಯ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾ ಸ್ಥಾಪಿಸಿದ ರಾಜ್ಯಕ್ಕೆ ಗುಲ್ಬರ್ಗಾ ರಾಜಧಾನಿಯಾಯಿತು. ಎರಡನೆಯ ಸುಲ್ತಾನ ಒಂದನೆಯ ಮುಹಮ್ಮದ್ ಶಾನ ಕಾಲದಲ್ಲಿ, 1367ರಲ್ಲಿ ಈ ಮಸೀದಿ ಎದ್ದಿತು. ಕಟ್ಟಿದವನು ಪರ್ಷಿಯಾದ ಕಜ್ವೀನ್ ಊರಿನ ರಫಿ ಎಂದು ಅಲ್ಲಿನ ಶಾಸನ ಹೇಳುತ್ತದೆ. ಉದ್ದ 216 ಅಡಿ, ಅಗಲ 176 ಅಡಿ. ಸಾಮಾನ್ಯವಾಗಿ ದೊಡ್ಡ ಮಸೀದಿಗಳಲ್ಲಿ ನಡುವೆ ವಿಶಾಲವಾದ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಸ್ಪೇನಿನ ಕಾರ್ಡೊಬಾ ಮಸೀದಿಯನ್ನು ನೋಡಿ ಕಟ್ಟಿದ್ದೆಂದು ಊರಿಗೆ ಬಂದವರಿಗೆಲ್ಲ ಹೇಳುವ ರೂಢಿ ನಮ್ಮಲ್ಲಿದೆ. ಕಮಾನುಗಳ ಸಾಲು ನೋಡಿದಾಗ ಹಾಗೆನ್ನಿಸುವುದು ಸಹಜ, ಆದರೆ ಹೋಲಿಕೆಯೇ ಆಧಾರವಾಗಲಾರದು. ನನ್ನ ಮಟ್ಟಿಗೆ ಕಾರ್ಡೊಬಾದ ಮಾತಿಗಿಂತ ರಫಿಯ ಬೆಳಕಿನ ಲೆಕ್ಕಾಚಾರವೇ ಹೆಚ್ಚು ಬೆರಗಿನದು.

ಅಂಗಳವಿಲ್ಲದ ಮೇಲೆ ನಡುವೆ ಮೇಲಿನಿಂದ ಬೆಳಕು ಸುರಿಯುವುದಿಲ್ಲ. ಪಶ್ಚಿಮದ ಮಿಹ್ರಾಬಿನ ಗೋಡೆಯನ್ನು ಬಿಟ್ಟರೆ ಉಳಿದ ಮೂರು ಕಡೆಯಿಂದಲೂ ಅಗಲವಾದ, ಕುಳ್ಳ ಕಂಬಗಳಿಂದ ಎದ್ದ ಕಮಾನುಗಳ ಮೂಲಕ ಬೆಳಕು ಪಕ್ಕದಿಂದ ಒಳನುಗ್ಗುತ್ತದೆ. ನುಗ್ಗಿದ ಬೆಳಕು ಮೊದಲ ಸಾಲಿನ ಕಂಬಗಳನ್ನು ಬೆಳಗಿಸಿ, ಎರಡನೆಯ ಸಾಲಿನಲ್ಲಿ ಅರ್ಧವಾಗಿ, ಮೂರನೆಯದರಲ್ಲಿ ಮತ್ತಷ್ಟು ಕುಗ್ಗಿ, ನಡುವಿಗೆ ಬರುವ ಹೊತ್ತಿಗೆ ಒಂದು ಬಗೆಯ ಬೂದು ತಂಪಾಗಿ ಉಳಿಯುತ್ತದೆ. ಮಿಹ್ರಾಬಿನ ಮುಂದಿನ ದೊಡ್ಡ ಗುಮ್ಮಟ ಎತ್ತರದ ಚೌಕದ ಮೇಲೆ ಕುಳಿತಿರುವುದರಿಂದ ಅಲ್ಲಿ ಬೇರೊಂದು ಬೆಳಕು. ಒಳಗೆ ಅಲಂಕಾರ ಹೆಚ್ಚಿಲ್ಲ, ಬಿಳಿಯ ಗಾರೆಯ ಮೈ. ಹಾಗಾಗಿ ಅಲ್ಲಿ ನೋಡಬೇಕಾದದ್ದು ಕೆತ್ತನೆಯಲ್ಲ. ಬೆಳಕು ಹೆಜ್ಜೆ ಹೆಜ್ಜೆಗೆ ಇಳಿಯುವ ಆ ಕ್ರಮ. ಛಾಯಾಗ್ರಾಹಕನಿಗೆ ಕಷ್ಟ ಕೊಡುವುದೂ ಅದೇ.

ಕಷ್ಟ ಎಷ್ಟೆಂಬುದನ್ನು ಅಂಕಿಗಳಲ್ಲಿ ಹೇಳುವುದು ಗಣಿತದ ಮೇಷ್ಟರಿಗೆ ಬಿಡಲಾಗದ ಚಟ. ಛಾಯಾಗ್ರಹಣದಲ್ಲಿ ಬೆಳಕನ್ನು ಅಳೆಯುವ ಮಾನಕ್ಕೆ ಸ್ಟಾಪ್ ಎನ್ನುತ್ತಾರೆ. ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ಇಮ್ಮಡಿ, ಒಂದು ಕಡಿಮೆಯೆಂದರೆ ಅರ್ಧ. ಚದುರಂಗದ ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ಒಂಬತ್ತನೆಯ ತರಗತಿಯಲ್ಲಿ ಘಾತಾಂಕಗಳ ಪಾಠಕ್ಕೆ ಮುನ್ನ ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ, ನೆನಪಿರಬೇಕು. ಅದೇ ಲೆಕ್ಕ ಇಲ್ಲಿಯೂ. ಹತ್ತು ಸ್ಟಾಪ್ ವ್ಯತ್ಯಾಸವೆಂದರೆ ಹತ್ತು ಪಟ್ಟಲ್ಲ, 1024 ಪಟ್ಟು.

ಚಳಿಗಾಲದ ಒಂದು ಬೆಳಿಗ್ಗೆ ಮಸೀದಿಯೊಳಗೆ ನಿಂತು ಅಳೆದಾಗ, ಐಎಸ್‌ಒ 100, ಅಪರ್ಚರ್ ಎಫ್ 8 ಇಟ್ಟುಕೊಂಡರೆ, ಹೊರಗಿನ ಬಿಸಿಲಿಗೆ ಸೆಕೆಂಡಿನ 400ನೆಯ ಒಂದು ಭಾಗ ಸಾಕಿತ್ತು. ಒಳಗಿನ ಮೂಲೆಗೆ ನಾಲ್ಕು ಸೆಕೆಂಡು ಬೇಕಿತ್ತು. ಅಂದರೆ 1600 ಪಟ್ಟಿನ ಅಂತರ, ಹತ್ತೂವರೆ ಸ್ಟಾಪಿಗಿಂತ ತುಸು ಹೆಚ್ಚು. ಇದು ಬಿಸಿಲಿನ ಸರಾಸರಿಗೂ ನೆರಳಿನ ಸರಾಸರಿಗೂ ಇರುವ ಅಂತರ ಮಾತ್ರ. ಬಿಸಿಲಿನಲ್ಲಿ ಹೊಳೆಯುವ ಕಲ್ಲು, ನೆರಳಿನಲ್ಲಿ ಅಡಗಿದ ಸಂದು ಇವನ್ನೂ ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. ಇಂದಿನ ಒಳ್ಳೆಯ ಕ್ಯಾಮರಾ ಸಂವೇದಕಗಳು ಹನ್ನೆರಡರಿಂದ ಹದಿನಾಲ್ಕು ಸ್ಟಾಪುಗಳವರೆಗೆ ಹಿಡಿಯಬಲ್ಲವು. ನನ್ನ ಹಳೆಯ ಡಿಎಸ್‌ಎಲ್‌ಆರಿಗೆ ಅಷ್ಟು ಶಕ್ತಿಯಿಲ್ಲ. ಹಿಡಿದರೂ ಕೊನೆಗೆ ಅದನ್ನು ಕಾಗದದ ಮೇಲೆ ಮುದ್ರಿಸಬೇಕಲ್ಲ? ಬಿಳಿಯ ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 90ರಷ್ಟನ್ನು ಹಿಂತಿರುಗಿಸಿದರೆ ಕಪ್ಪು ಶಾಯಿ ಶೇಕಡಾ ಒಂದೆರಡನ್ನು ಹಿಂತಿರುಗಿಸುತ್ತದೆ. ಅಲ್ಲಿಗೆ ಕಾಗದದ ಒಟ್ಟು ಆಸ್ತಿ ಆರು ಸ್ಟಾಪಿನ ಆಸುಪಾಸು. ಹನ್ನೆರಡು ಮೊಳದ ಸೀರೆಯನ್ನು ಆರು ಮೊಳದ ಪೆಟ್ಟಿಗೆಯಲ್ಲಿ ಇಡಬೇಕೆಂದರೆ ಮಡಚಲೇಬೇಕು. ಎಲ್ಲಿ ಮಡಚಬೇಕು, ಯಾವ ಅಂಚು ಮೇಲೆ ಕಾಣಬೇಕು ಎಂಬುದೇ ಎಚ್‌ಡಿಆರ್‌ನ ಎಲ್ಲ ಜಗಳದ ಮೂಲ.

ಹಾಗಾದರೆ ಕಣ್ಣು ಹೇಗೆ ನಿಭಾಯಿಸುತ್ತದೆ? ಕಮಲಾಪುರದ ಪ್ರೌಢಶಾಲೆಯಲ್ಲಿ ಮಧ್ಯಾಹ್ನದ ಬಿಡುವು ಮುಗಿದು ಮಕ್ಕಳು ಬಯಲಿನಿಂದ ಕೋಣೆಯೊಳಗೆ ಬಂದಾಗ ಮೊದಲ ಒಂದೆರಡು ನಿಮಿಷ ಹಿಂದಿನ ಬೆಂಚಿನವರಿಗೆ ಕಪ್ಪುಹಲಗೆ ಮಸುಕಾಗಿಯೇ ಇರುತ್ತಿತ್ತು. ಕಣ್ಣಿನ ಪಾಪೆ ಬಿಸಿಲಿನಲ್ಲಿ ಎರಡು ಮಿಲಿಮೀಟರಿಗೆ ಕಿರಿದಾಗಿ, ಕತ್ತಲಲ್ಲಿ ಏಳು ಮಿಲಿಮೀಟರಿನವರೆಗೆ ಅಗಲವಾಗುತ್ತದೆ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾದ್ದರಿಂದ ಇದು ಸುಮಾರು ಹನ್ನೆರಡು ಪಟ್ಟು, ಅಂದರೆ ಮೂರೂವರೆ ಸ್ಟಾಪು. ಅಷ್ಟೇ! ಅರವತ್ತು ದಾಟಿದ ನಮ್ಮಂಥವರ ಪಾಪೆ ಅಷ್ಟೂ ತೆರೆಯುವುದಿಲ್ಲ. ಉಳಿದ ಕೆಲಸವನ್ನೆಲ್ಲ ಮಾಡುವುದು ಅಕ್ಷಿಪಟಲ ಮತ್ತು ಮಿದುಳು, ಅದೂ ನಿಧಾನವಾಗಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಾವು ಮಸೀದಿಯನ್ನು ‘ನೋಡಿದೆ’ ಎನ್ನುವಾಗ ವಾಸ್ತವವಾಗಿ ಹೊರಗೊಮ್ಮೆ, ಒಳಗೊಮ್ಮೆ, ಮೂಲೆಗೊಮ್ಮೆ ಕಣ್ಣು ಹೊರಳಿಸಿ, ಪ್ರತಿ ಸಲವೂ ಕಣ್ಣನ್ನು ಹೊಂದಿಸಿಕೊಂಡು, ಆ ತುಣುಕುಗಳನ್ನೆಲ್ಲ ಮನಸ್ಸಿನಲ್ಲಿ ಹೊಲಿದುಕೊಂಡಿರುತ್ತೇವೆ.

ಎಚ್‌ಡಿಆರ್ ಮಾಡುವುದೂ ಹೊಲಿಗೆಯನ್ನೇ. ಒಂದೇ ದೃಶ್ಯವನ್ನು ಬೇರೆ ಬೇರೆ ಷಟರ್ ವೇಗದಲ್ಲಿ ಹಲವು ಸಲ ತೆಗೆದು, ಪ್ರತಿಯೊಂದರಿಂದಲೂ ಸರಿಯಾಗಿ ಬಂದ ಭಾಗವನ್ನು ಆಯ್ದು ಒಂದೇ ಚಿತ್ರವಾಗಿಸುವುದು.

ಇದು ಗಣಕಯಂತ್ರ ಬಂದ ಮೇಲೆ ಹುಟ್ಟಿದ ಕುಚೇಷ್ಟೆಯೆಂದು ಕೆಲವರು ಮೂಗು ಮುರಿಯುವುದನ್ನು ಕೇಳಿದ್ದೇನೆ. ಹಾಗೇನಿಲ್ಲ. 1850ರ ದಶಕದಲ್ಲಿಯೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತ ಸಮುದ್ರದ ಚಿತ್ರಗಳಲ್ಲಿ ಅಲೆಗಳಿಗೊಂದು, ಆಕಾಶಕ್ಕೊಂದು ಎಂದು ಎರಡು ಗಾಜಿನ ನೆಗೆಟಿವ್‌ಗಳನ್ನು ಸೇರಿಸಿ ಮುದ್ರಿಸಿದ. ಅಂದಿನ ರಾಸಾಯನಿಕಗಳು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಒಂದೇ ನೆಗೆಟಿವ್‌ನಲ್ಲಿ ಆಕಾಶ ಬರಿದಾಗಿ ಉಳಿಯುತ್ತಿತ್ತು. ಸುಮಾರು 1940ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ದೃಶ್ಯದ ಬೆಳಕನ್ನು ಕಪ್ಪಿನಿಂದ ಬಿಳುಪಿನವರೆಗೆ ವಲಯಗಳಾಗಿ ವಿಂಗಡಿಸುವ ಪದ್ಧತಿಯನ್ನು ರೂಪಿಸಿದರು. ಚಾರ್ಲ್ಸ್ ವೈಕಾಫ್ ಎಂಬ ತಂತ್ರಜ್ಞ ಬೇರೆ ಬೇರೆ ಸಂವೇದನೆಯ ಮೂರು ಪದರಗಳಿರುವ ಫಿಲ್ಮನ್ನು ಮಾಡಿದ್ದು ಅಣುಬಾಂಬು ಸ್ಫೋಟಗಳ ಚಿತ್ರ ತೆಗೆಯುವುದಕ್ಕೆ. ಮನುಷ್ಯ ಕಣ್ಣೆತ್ತಿ ನೋಡಲಾಗದ ಬೆಳಕು ಅದು!

ನಮ್ಮೂರಿನಲ್ಲಿಯೂ ಈ ವಿದ್ಯೆ ಇತ್ತು, ಹೆಸರು ಮಾತ್ರ ಇರಲಿಲ್ಲ. ಎಂಬತ್ತರ ದಶಕದಲ್ಲಿ ಸೂಪರ್ ಮಾರ್ಕೆಟ್ ಬಳಿಯ ಒಂದು ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಮದುವೆಯ ಚಿತ್ರದಲ್ಲಿ ಮದುಮಗಳ ಮುಖ ಹೆಚ್ಚು ಕಪ್ಪಾಗದಂತೆ ಆತ ತಂತಿಯ ತುದಿಗೆ ಸಿಕ್ಕಿಸಿದ ರಟ್ಟಿನ ಚೂರನ್ನು ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದು ಅಲ್ಲಾಡಿಸುತ್ತಿದ್ದ. ಒಂದೇ ಕಡೆ ನಿಲ್ಲಿಸಿದರೆ ರಟ್ಟಿನ ಅಂಚು ಕಾಗದದ ಮೇಲೆ ಮೂಡುತ್ತದೆ, ಅದಕ್ಕೇ ಅಲ್ಲಾಡಿಸಬೇಕು. ತೀರ ಬೆಳ್ಳಗಾಗುವ ಮದುಮಗನ ರುಮಾಲಿಗೆ ಅಂಗೈಯನ್ನೇ ಓರೆ ಮಾಡಿ ಹೆಚ್ಚು ಬೆಳಕು ಬೀಳಿಸುತ್ತಿದ್ದ. ಇಂದಿನ ತಂತ್ರಾಂಶಗಳಲ್ಲಿರುವ ಡಾಡ್ಜ್, ಬರ್ನ್ ಎಂಬ ಉಪಕರಣಗಳು ಆ ರಟ್ಟಿನ ಚೂರಿನ, ಆ ಅಂಗೈಯ ಮರಿಮಕ್ಕಳು.

ಅಂಕಿಗಳ ಹಾದಿಯಲ್ಲಿ ಇದನ್ನು ಭದ್ರವಾದ ಬುನಾದಿಯ ಮೇಲೆ ನಿಲ್ಲಿಸಿದ್ದು 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಮಂಡಿಸಿದ ಪ್ರಬಂಧ. ಮಲಿಕ್ ನಮ್ಮ ಮಥುರೆಯಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಕ್ಯಾಮರಾ ದಾಖಲಿಸುವ ಅಂಕಿಗೂ ನಿಜವಾಗಿ ಬಿದ್ದ ಬೆಳಕಿಗೂ ಇರುವ ಸಂಬಂಧ ಸರಳರೇಖೆಯಲ್ಲ, ವಕ್ರ. ಬೇರೆ ಬೇರೆ ಅವಧಿಯ ಕೆಲವು ಚಿತ್ರಗಳಿದ್ದರೆ ಆ ವಕ್ರರೇಖೆಯನ್ನು ಚಿತ್ರಗಳಿಂದಲೇ ಲೆಕ್ಕ ಹಾಕಿ ತೆಗೆಯಬಹುದು, ಅದರಿಂದ ದೃಶ್ಯದ ಪ್ರತಿ ಬಿಂದುವಿನ ಬೆಳಕಿನ ಪ್ರಮಾಣವನ್ನು ಮರಳಿ ಪಡೆಯಬಹುದು ಎಂದು ಅವರು ತೋರಿಸಿದರು. 2005ರಲ್ಲಿ ಬಂದ ಫೋಟೋಶಾಪ್ ಸಿಎಸ್2ರಲ್ಲಿ ಈ ಸೌಲಭ್ಯ ಸೇರಿತು. ಫೋಟೋಮ್ಯಾಟಿಕ್ಸ್ ಎಂಬ ತಂತ್ರಾಂಶ ಹವ್ಯಾಸಿಗಳ ಕೈಗೆ ಇದನ್ನು ಕೊಟ್ಟಿತು. ದುಡ್ಡು ಕೊಡದೆ ಮಾಡಬೇಕೆಂದರೆ ಲುಮಿನನ್ಸ್ ಎಚ್‌ಡಿಆರ್, ಎನ್‌ಫ್ಯೂಸ್ ಇವೆ. ನಾನು ಬಳಸುವುದು ಇವೆರಡನ್ನೇ.

ಇನ್ನು ಪ್ರಯೋಗ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹವ್ಯಾಸಿಗೆ ಅಷ್ಟು ಓಡಾಟ ಏಕೆಂದು ನಮ್ಮ ಮನೆಯವರು ಹಳೆಯ ಕುಪ್ಪಸದ ಬಟ್ಟೆಯಲ್ಲಿ ಒಂದು ಅಂಗೈಯಗಲದ ಚೀಲ ಹೊಲಿದು, ಅದರಲ್ಲಿ ಮುಕ್ಕಾಲು ಕಿಲೋ ತೊಗರಿಬೇಳೆ ತುಂಬಿ ಬಾಯಿ ಮುಚ್ಚಿದರು. ತೊಗರಿಯ ನಾಡಿನಲ್ಲಿ ಮರಳು ತುಂಬುವುದೇಕೆ? ಕಂಬದ ಬುಡದ ಹತ್ತಿರ ಆ ಚೀಲವಿಟ್ಟು, ಮೇಲೆ ಕ್ಯಾಮರಾ ಒತ್ತಿ ಕೂರಿಸಿದರೆ ಮೂಗಿನಿಂದ ಮೂಗಿಗೆ ಅಲುಗುವುದಿಲ್ಲ. ಎತ್ತರ ನೆಲದ ಮಟ್ಟದ್ದಾಗುತ್ತದೆ, ಚಿತ್ರ ತೆಗೆಯುವವನು ಹೊಟ್ಟೆಯ ಮೇಲೆ ಮಲಗಬೇಕಾಗುತ್ತದೆ. ಅಲ್ಲಿಗೆ ಬಂದಿದ್ದ ಶಾಲಾ ಪ್ರವಾಸದ ಮಕ್ಕಳಿಗೆ ನನ್ನನ್ನು ನೋಡುವುದೇ ಒಂದು ಸ್ಮಾರಕ ದರ್ಶನವಾಯಿತು.

ಸೆಕೆಂಡಿನ 500ನೆಯ ಒಂದು ಭಾಗದಿಂದ ಆರಂಭ. ಅನಂತರ 125ನೆಯ ಒಂದು, 30ನೆಯ ಒಂದು, 8ನೆಯ ಒಂದು, ಅರ್ಧ ಸೆಕೆಂಡು, ಎರಡು ಸೆಕೆಂಡು, ಎಂಟು ಸೆಕೆಂಡು. ಹೆಜ್ಜೆಗೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು. ಒಟ್ಟು ಏಳು ಚಿತ್ರ, ಆರು ಹೆಜ್ಜೆ. ನಾಲ್ಕರ ಆರನೆಯ ಘಾತ 4096. ಅಪರ್ಚರನ್ನು ಬದಲಿಸಬಾರದು, ಬದಲಿಸಿದರೆ ಸ್ಪಷ್ಟತೆಯ ಆಳವೂ ಬದಲಾಗಿ ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಫೋಕಸ್, ಬಿಳುಪಿನ ಹೊಂದಾಣಿಕೆ ಎರಡನ್ನೂ ಕೈಯಿಂದಲೇ ಕಟ್ಟಿಹಾಕಬೇಕು. ಗುಂಡಿ ಒತ್ತಿದ ಅದುರು ಅಡಗಲೆಂದು ಎರಡು ಸೆಕೆಂಡಿನ ಟೈಮರ್ ಇಟ್ಟುಕೊಳ್ಳಬೇಕು. ಮೊದಲನೆಯ ಚಿತ್ರದಲ್ಲಿ ಹೊರಗಿನ ಹುಲ್ಲಿನ ಎಸಳು ಕಾಣುತ್ತದೆ, ಒಳಗೆ ಏನೂ ಇಲ್ಲ. ಏಳನೆಯದರಲ್ಲಿ ದೂರದ ಮೂಲೆಯ ಗುಮ್ಮಟದ ಗಾರೆಯ ಮೇಲಿನ ಕೂದಲೆಳೆಯ ಬಿರುಕೂ ಕಾಣುತ್ತದೆ, ಹೊರಗೆ ಜಗತ್ತೇ ಇಲ್ಲ.

ಈ ಏಳನ್ನೂ ಲುಮಿನನ್ಸ್‌ಗೆ ಕೊಟ್ಟಾಗ ಹುಟ್ಟುವ ಕಡತ ವಿಚಿತ್ರವಾದದ್ದು. ಅದರಲ್ಲಿ ಎಲ್ಲವೂ ಇದೆ, ಆದರೆ ಅದನ್ನು ನೋಡಲಾಗುವುದಿಲ್ಲ. ಸಾಮಾನ್ಯ ಪರದೆಗೆ ಅಷ್ಟು ಅಂತರವನ್ನು ತೋರಿಸುವ ಶಕ್ತಿಯಿಲ್ಲ. ನೋಡುವಂತೆ ಮಾಡಲು ಅದನ್ನು ಕುಗ್ಗಿಸಬೇಕು. ಈ ಕುಗ್ಗಿಸುವಿಕೆಗೆ ಟೋನ್ ಮ್ಯಾಪಿಂಗ್ ಎಂದು ಹೆಸರು. ಜನ ಎಚ್‌ಡಿಆರ್ ಎಂದು ಹೊಗಳುವುದೂ ಬೈಯುವುದೂ ಈ ಎರಡನೆಯ ಹಂತವನ್ನೇ. ಇಡೀ ಚಿತ್ರಕ್ಕೆ ಒಂದೇ ಸೂತ್ರ ಹಚ್ಚಿ ಕುಗ್ಗಿಸಿದರೆ ಚಿತ್ರ ಸಹಜವಾಗಿರುತ್ತದೆ, ಆದರೆ ಸಪ್ಪೆ. ಪ್ರತಿ ಭಾಗವನ್ನೂ ಅದರ ಸುತ್ತಮುತ್ತಲಿನೊಡನೆ ಹೋಲಿಸಿ ಬೇರೆ ಬೇರೆಯಾಗಿ ಕುಗ್ಗಿಸಿದರೆ ಗಾರೆಯ ಒರಟುತನ, ಕಲ್ಲಿನ ಸಂದು ಎದ್ದು ಬರುತ್ತವೆ; ಆದರೆ ಕಪ್ಪು ಕಮಾನು ಬಿಳಿಯ ಆಕಾಶವನ್ನು ಮುಟ್ಟುವಲ್ಲಿ ದೇವರ ಪಟದ ಪ್ರಭಾವಳಿಯಂಥ ಹೊಳಪೊಂದು ಅಂಟಿಕೊಳ್ಳುತ್ತದೆ. ಎನ್‌ಫ್ಯೂಸ್‌ನ ದಾರಿ ಬೇರೆ. 2007ರಲ್ಲಿ ಮೆರ್ಟೆನ್ಸ್ ಮತ್ತು ಸಂಗಡಿಗರು ಸೂಚಿಸಿದ ವಿಧಾನ ಅದು: ಬೆಳಕಿನ ನಿಜ ಪ್ರಮಾಣವನ್ನು ಲೆಕ್ಕ ಹಾಕುವ ಗೊಡವೆಗೇ ಹೋಗದೆ, ಏಳೂ ಚಿತ್ರಗಳಿಂದ ಚೆನ್ನಾಗಿ ಬಂದ ಬಿಂದುಗಳಿಗೆ ಹೆಚ್ಚು ತೂಕ ಕೊಟ್ಟು ನೇರವಾಗಿ ಬೆರೆಸಿಬಿಡುತ್ತದೆ. ಶಾಸ್ತ್ರೀಯವಾಗಿ ಡೆಬೆವೆಕ್–ಮಲಿಕ್ ಮಾರ್ಗ ಮೇಲು. ಕಣ್ಣಿಗೆ ಹಿತವಾಗಿ ಬರುವುದು ಬಹುಮಟ್ಟಿಗೆ ಎನ್‌ಫ್ಯೂಸ್‌ನದು. ಶಾಸ್ತ್ರ ಒಂದು ಕಡೆ, ಅಡುಗೆ ಒಂದು ಕಡೆ.

ನಾನು ಬೇಕೆಂದೇ ಎರಡು ಮುದ್ರಣ ಮಾಡಿಸಿದೆ. ಒಂದರಲ್ಲಿ ಕತ್ತಲೆಯನ್ನು ಆದಷ್ಟೂ ಎಬ್ಬಿಸಿದ್ದೆ. ಪ್ರತಿ ಕಂಬ, ಪ್ರತಿ ಗುಮ್ಮಟದ ಒಳಮೈ ಸ್ಪಷ್ಟ. ಇನ್ನೊಂದರಲ್ಲಿ ಮೂರನೆಯ ಸಾಲಿನಿಂದಾಚೆಗಿನ ಕತ್ತಲೆಯನ್ನು ಹಾಗೆಯೇ ಉಳಿಸಿ, ಅಂಚಿನ ಕಮಾನುಗಳಲ್ಲಿ ಮಾತ್ರ ಹೊರಗಿನ ಹಸುರು ಕಾಣುವಂತೆ ಹದ ಮಾಡಿದ್ದೆ. ಎರಡನ್ನೂ ಹಲವರಿಗೆ ತೋರಿಸಿ ಅವರು ಏನೆನ್ನುವರೆಂದು ಕೇಳುತ್ತ ಹೋದೆ.

ಕೋಟೆಯೊಳಗೇ ಹುಟ್ಟಿ ಬೆಳೆದ, ಎಂಬತ್ತರ ಹತ್ತಿರದ ಹಿರಿಯರೊಬ್ಬರಿದ್ದಾರೆ. ಮೊದಲ ಮುದ್ರಣವನ್ನು ಕೈಯಲ್ಲಿ ಹಿಡಿದು, ಕನ್ನಡಕವನ್ನು ಮೇಲೆ ಸರಿಸಿ ಬಹಳ ಹೊತ್ತು ನೋಡಿದರು. “ಫೋಟೊ ಚಂದ ಅದರಿ ಸರ್. ಆದ್ರ ಇದು ನಮ್ಮ ಮಸೀದಿ ಅಲ್ಲ. ಇಷ್ಟು ಬೆಳಕು ಅಲ್ಲಿ ಎಲ್ಲಿ ಅದ? ಒಳಗ ಕಾಲಿಟ್ಟ ಕೂಡ್ಲೆ ಏನೂ ಕಾಣಂಗಿಲ್ಲ. ಜರಾ ನಿಂತ್ರ ಆಮ್ಯಾಲ ಕಾಣ್ತದ” ಎಂದರು.

ಅಕ್ಷಿಪಟಲದ ಬಗ್ಗೆ ನಾನು ಮೇಲೆ ಬರೆದ ಇಡೀ ಪ್ಯಾರಾ ಆ ಕೊನೆಯ ಎರಡು ವಾಕ್ಯಗಳಲ್ಲಿ ಇದೆ. ಮೊದಲು ಕಾಣದಿರುವುದು, ನಿಂತರೆ ಕಾಣುವುದು: ಆ ಕಟ್ಟಡ ಬಂದವನಿಗೆ ಕೊಡುವ ಅನುಭವವೇ ಅದು. ಅದರಲ್ಲಿ ಕಾಲವಿದೆ. ಎಲ್ಲವನ್ನೂ ಏಕಕಾಲಕ್ಕೆ ಬೆಳಗಿಸಿದ ಚಿತ್ರದಲ್ಲಿ ಕಾಯುವ ಆ ಕ್ಷಣಕ್ಕೆ ಜಾಗವಿಲ್ಲ. ರಫಿ ಆರೂವರೆ ಶತಮಾನದ ಹಿಂದೆ ಕಂಬದಿಂದ ಕಂಬಕ್ಕೆ ಇಳಿಸಿದ ಬೆಳಕನ್ನು ಒಂದು ಸ್ಲೈಡರನ್ನು ಬಲಕ್ಕೆ ಎಳೆದು ಸಪಾಟು ಮಾಡಿದಂತಾಗುತ್ತದೆ.

ಆದರೆ ಅಷ್ಟಕ್ಕೇ ತೀರ್ಪು ಬರೆಯಲು ನಾನು ಸಿದ್ಧನಿಲ್ಲ. ಸಿವಿಲ್ ಎಂಜಿನಿಯರ್ ಆಗಿರುವ ಹಳೆಯ ಶಿಷ್ಯನೊಬ್ಬ ಅದೇ ಮೊದಲ ಮುದ್ರಣವನ್ನು ನೋಡಿ ಬಿಡಲೊಲ್ಲ. “ಸರ್, ಈ ಮೂಲ್ಯಾಗ ತೇವ ಇಳದದ ನೋಡ್ರಿ. ಈ ಬಿರುಕು ಗುಮ್ಮಟದ ಅಂಚಿನಿಂದ ಕೆಳಗ ಬಂದದೋ, ಗಾರಿ ಮ್ಯಾಲಷ್ಟೇ ಅದನೋ?” ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಆತ ಆ ಮಸೀದಿಗೆ ಹತ್ತಾರು ಸಲ ಹೋದವನು. ಆ ಮೂಲೆಯನ್ನು ಅಷ್ಟು ಸ್ಪಷ್ಟವಾಗಿ ಎಂದೂ ನೋಡಿರಲಿಲ್ಲವಂತೆ. ಕಟ್ಟಡದ ಆರೋಗ್ಯ ನೋಡುವವನಿಗೆ ಕತ್ತಲೆ ಬೇಕಿಲ್ಲ. ವೈದ್ಯರು ಕ್ಷ-ಕಿರಣದ ಚಿತ್ರ ನೋಡುವಾಗ ರೋಗಿಯ ಮುಖದ ಲಕ್ಷಣ ಬಂದಿಲ್ಲವೆಂದು ದೂರುತ್ತಾರೆಯೇ? ಇವತ್ತು ದಿನಾಂಕ ಸಮೇತ ಏಳು ಚಿತ್ರಗಳನ್ನು ತೆಗೆದಿಟ್ಟರೆ, ಹತ್ತು ವರ್ಷ ಬಿಟ್ಟು ಅದೇ ಕಂಬದ ಬುಡದಿಂದ ಅದೇ ಏಳನ್ನು ಮತ್ತೆ ತೆಗೆದು ಬಿರುಕು ಬೆಳೆದಿದೆಯೇ ಎಂದು ಹೋಲಿಸಬಹುದು. ಈ ಕೆಲಸಕ್ಕೆ ಚಂದದ ಚಿತ್ರ ಬೇಡ. ಟೋನ್ ಮ್ಯಾಪಿಂಗ್ ಮಾಡದ, ಕೈಯಿಕ್ಕದ ಮೂಲ ರಾ ಕಡತಗಳೇ ಬೇಕು. ಆದ್ದರಿಂದ ಸಂಸ್ಕರಿಸಿದ ಚಿತ್ರವನ್ನಷ್ಟೇ ಇಟ್ಟುಕೊಂಡು ಮೂಲಗಳನ್ನು ಅಳಿಸಿಹಾಕುವವರ ಜೊತೆ ನನ್ನದು ಸದಾ ಜಗಳ. ಉತ್ತರವನ್ನು ಮಾತ್ರ ಬರೆದು ಲೆಕ್ಕದ ಹಂತಗಳನ್ನು ಬರೆಯದ ವಿದ್ಯಾರ್ಥಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೆಂಬುದು ನಿಮಗೆ ಗೊತ್ತೇ ಇದೆ.

ಕಟ್ಟಡ ಕದಲುವುದಿಲ್ಲ, ಅದೊಂದು ಅನುಕೂಲ. ಕದಲುವ ವಸ್ತುವಿನ ಮುಂದೆ ಈ ವಿದ್ಯೆ ಸೋಲುತ್ತದೆ ಎಂಬುದನ್ನು ಕಮಲಾಪುರದ ಬಾಳೆ ತೋಟದಲ್ಲಿ ಕಾಣಬೇಕು. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎತ್ತರದ ಗಿಡ, ನೆಟ್ಟು ಫಲ ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಯಬೇಕು, ಸಾಮಾನ್ಯ ಬಾಳೆಗಿಂತ ಬಹಳ ಹೆಚ್ಚು. ತೋಟದೊಳಗೂ ಮಸೀದಿಯದೇ ಸ್ಥಿತಿ: ಎಲೆಗಳ ಮಾಡಿನ ಕೆಳಗೆ ತಂಪು ನೆರಳು, ಸಂದಿಯಲ್ಲಿ ಸುಡುವ ಬಿಸಿಲು. ಏಳು ಚಿತ್ರ ತೆಗೆದು ಹೊಲಿದರೆ ಗಾಳಿಗೆ ಸೀಳಿದ ಬಾಳೆಯೆಲೆ ಪ್ರತಿ ಚಿತ್ರದಲ್ಲಿಯೂ ಬೇರೆ ಬೇರೆ ಜಾಗದಲ್ಲಿದ್ದು, ಕೊನೆಗೆ ಒಂದೇ ಎಲೆಗೆ ನಾಲ್ಕಾರು ಪಾರದರ್ಶಕ ಅವತಾರಗಳಾಗುತ್ತವೆ. ಛಾಯಾಗ್ರಾಹಕರು ಇದಕ್ಕೆ ಇಟ್ಟ ಹೆಸರೇ ಭೂತ. ಭೂತ ಬಿಡಿಸುವ ಗುಂಡಿಯೂ ತಂತ್ರಾಂಶದಲ್ಲಿ ಇದೆ, ಮಂತ್ರವಾದಿಯಷ್ಟೇ ಭರವಸೆಯದು.

ಅದಕ್ಕಿಂತ ನನ್ನನ್ನು ಕಾಡಿದ್ದು ಬಣ್ಣ. ಕಮಲಾಪುರದ ಬಾಳೆಯ ಕೆಂಪು ಅಬ್ಬರದ್ದಲ್ಲ. ಇಟ್ಟಿಗೆಗೂ ಹಣ್ಣಾದ ನೇರಳೆಗೂ ನಡುವಿನ, ಮೇಲೆ ತೆಳ್ಳಗೆ ಬೂದಿ ಉದುರಿದಂಥ ಗಂಭೀರ ಕೆಂಪು. ಕುಗ್ಗಿಸುವ ಹಂತದಲ್ಲಿ ನೆರಳಿನ ಭಾಗವನ್ನು ಎತ್ತಿದೊಡನೆ ಈ ಕೆಂಪು ಜಾತ್ರೆಯ ಪ್ಲಾಸ್ಟಿಕ್ ಗೊಂಬೆಯಂತೆ ಹೊಳೆಯತೊಡಗುತ್ತದೆ. ತೋಟದವರು ಆ ಚಿತ್ರ ನೋಡಿ ಖುಷಿಪಟ್ಟು ವ್ಯಾಪಾರಕ್ಕೆ ಬಳಸುತ್ತೇವೆ ಎಂದರು. ನಾನು ಕೊಡಲಿಲ್ಲ, ಒಂದೇ ರಾ ಕಡತದಿಂದ ಮಾಡಿದ, ಬಣ್ಣ ಹೆಚ್ಚಿಸದ ಚಿತ್ರವನ್ನು ಕೊಟ್ಟೆ. ಗೊನೆ ಬಿಚ್ಚಿದಾಗ ಕೊಳ್ಳುವವನಿಗೆ ಚಿತ್ರದ ಕೆಂಪು ಸಿಗದಿದ್ದರೆ ಅವನು ದೂರುವುದು ಚಿತ್ರವನ್ನಲ್ಲ, ಹಣ್ಣನ್ನು.

ಇಷ್ಟೆಲ್ಲ ಓದಿದ ಮೇಲೆ ನಿಮ್ಮಲ್ಲಿ ಕೆಲವರು, ಸರ್, ಇದನ್ನೆಲ್ಲ ನಮ್ಮ ಫೋನೇ ಮಾಡುತ್ತದಲ್ಲ ಎನ್ನುವಿರಿ. ನಿಜ. 2010ರಲ್ಲಿ ಐಫೋನಿನಲ್ಲಿ ಮೂರು ಚಿತ್ರ ಬೆರೆಸುವ ಸೌಲಭ್ಯ ಬಂತು. 2013ರಲ್ಲಿ ಗೂಗಲ್‌ನ ನೆಕ್ಸಸ್ 5ರಲ್ಲಿ ಬಂದ ಎಚ್‌ಡಿಆರ್ ಪ್ಲಸ್ ಇನ್ನೊಂದು ಜಾಣತನ ಮಾಡಿತು: ಬೇರೆ ಬೇರೆ ಅವಧಿಯ ಬದಲು ಒಂದೇ ಬಗೆಯ, ಬೇಕೆಂದೇ ಕಪ್ಪಾಗಿಸಿದ ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು ಸೇರಿಸಿ, ಸರಾಸರಿಯಿಂದ ನೆರಳಿನ ಕಾಳು ಕಾಳು ಗಲೀಜನ್ನು ತೊಡೆದು, ಆಮೇಲೆ ಬೆಳಗಿಸುವುದು. ಅವಧಿಗಳು ಚಿಕ್ಕವಾದ್ದರಿಂದ ಭೂತದ ಕಾಟವೂ ಕಡಿಮೆ. ಈಗ ಸಾಧಾರಣ ಬೆಲೆಯ ಫೋನುಗಳೂ ಕೇಳದೆಯೇ ಇದನ್ನು ಮಾಡುತ್ತವೆ. ಮೊಮ್ಮಗಳು ತನ್ನ ಫೋನಿನಲ್ಲಿ ಮಸೀದಿಯ ಚಿತ್ರವನ್ನು ಒಂದೇ ಒತ್ತಿನಲ್ಲಿ ತೆಗೆದು ನನ್ನ ಏಳಕ್ಕೆ ಸವಾಲು ಹಾಕಿದಳು. ಚಿತ್ರ ಚೆನ್ನಾಗಿಯೇ ಇತ್ತು. ಮೂರನೆಯ ಸಾಲಿನಾಚೆಯ ಕತ್ತಲೆ ಎಲ್ಲಿ ಹೋಯಿತಮ್ಮಾ ಎಂದು ಕೇಳಿದೆ. “ಅದನ್ನ ಫೋನೇ ತೆಗೀತದ ತಾತಾ” ಎಂದಳು.

ನನ್ನ ತಕರಾರು ಇರುವುದು ಅಲ್ಲಿ. ಫೋನು ಕೆಟ್ಟದಾಗಿ ತೆಗೆಯುತ್ತದೆಂದಲ್ಲ. ಕೋಟೆಯ ಮಸೀದಿಯನ್ನಾಗಲಿ, ಮದುವೆಯ ಮಂಟಪವನ್ನಾಗಲಿ, ದೀಪ ಹಚ್ಚಿಟ್ಟ ದೇವರ ಕೋಣೆಯನ್ನಾಗಲಿ ಅದು ಒಂದೇ ಹದಕ್ಕೆ ಬೆಳಗಿಸುತ್ತದೆ. ಕತ್ತಲೆ ಒಂದು ಕೊರತೆ, ಅದನ್ನು ನೀಗಿಸಬೇಕು ಎಂಬ ತೀರ್ಮಾನವನ್ನು ಎಲ್ಲಿಯೋ ಕುಳಿತ ಯಾರೋ ನಮ್ಮ ಪರವಾಗಿ ಮೊದಲೇ ಮಾಡಿಟ್ಟಿದ್ದಾರೆ. ಈ ಮಸೀದಿಯನ್ನು ಫೋನಿನಲ್ಲಿಯೇ ನೋಡಿ ಬೆಳೆಯುವ ಹುಡುಗನಿಗೆ, ಒಳಗೆ ಹೋದಾಗ ಕಣ್ಣು ಕತ್ತಲಿಟ್ಟರೆ, ಕಟ್ಟಡವೇ ಸರಿಯಿಲ್ಲವೆನ್ನಿಸಬಹುದು. ಕೈಯಿಂದ ಮಾಡುವ ಎಚ್‌ಡಿಆರ್‌ನಲ್ಲಿ ಕಷ್ಟವಿದೆ, ಸಮಯ ಹಾಳು, ಬೆನ್ನು ನೋವು. ಆದರೆ ಯಾವ ಕಂಬದವರೆಗೆ ಬೆಳಕು, ಎಲ್ಲಿಂದ ಕತ್ತಲೆ ಎಂಬುದನ್ನು ನಾನು ಆ ಜಾಗದಲ್ಲಿ ನಿಂತು, ಕಣ್ಣು ಹೊಂದಿಕೊಳ್ಳುವವರೆಗೆ ಕಾದು, ನಿರ್ಧರಿಸಬಹುದು.

ಹಿರಿಯರಿಗೆ ಎರಡನೆಯ ಮುದ್ರಣ ಒಪ್ಪಿಗೆಯಾಯಿತು. ಅವರ ಮನೆಯ ನಡುಮನೆಯಲ್ಲಿ ಇದೆ. ಮೊದಲನೆಯದು ಎಂಜಿನಿಯರ್ ಶಿಷ್ಯನ ಬಳಿ, ಅಂಚಿನಲ್ಲೆಲ್ಲ ಅವನ ಪೆನ್ಸಿಲ್ ಗುರುತುಗಳೊಡನೆ.

ಕಳೆದ ಶ್ರಾವಣದಲ್ಲಿ ಮೋಡ ಕವಿದ ದಿನವೊಂದು ಮತ್ತೆ ಹೋಗಿದ್ದೆ. ಹೊರಗೆ ಸೆಕೆಂಡಿನ 60ನೆಯ ಒಂದು ಭಾಗ, ಒಳಗಿನ ಮೂಲೆಗೆ ಎರಡು ಸೆಕೆಂಡು. 120 ಪಟ್ಟು, ಏಳು ಸ್ಟಾಪಿಗೂ ತುಸು ಕಡಿಮೆ. ಮೋಡವೇ ಟೋನ್ ಮ್ಯಾಪಿಂಗ್ ಮಾಡಿಕೊಟ್ಟಿತ್ತು. ಒಂದೇ ಚಿತ್ರ ಸಾಕಾಯಿತು, ಆದರೆ ನೆಲದ ಮೇಲೆ ಬಿಸಿಲಿನ ಪಟ್ಟೆಗಳಿರಲಿಲ್ಲ. ಅವು ಬೇಕೆಂದರೆ ಚಳಿಗಾಲದವರೆಗೆ ಕಾಯಬೇಕು, ಏಳನ್ನೂ ತೆಗೆಯಬೇಕು. ಅಷ್ಟರೊಳಗೆ ಚೀಲದ ಬೇಳೆಯನ್ನು ಬದಲಾಯಿಸಬೇಕು. ಮಳೆಗಾಲಕ್ಕೆ ಹುಳು ಹಿಡಿದಿದೆ.